ಕಲ್ಸೋರು ಬರ್ತಾರೆ

ಮ್ಯಾನೇಜರು ಆ ಬೆಳಿಗ್ಗೆ ಒಂದೇ ಒಂದು ಮಾತನ್ನು ನೆಟ್ಟಗೆ ಆಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅವರು ಯಾವತ್ತು ಯಾವ ಮಾತನ್ನು ನೆಟ್ಟಗೆ ಆಡಿದವರು? ಒಂದು ಕಾಲು ಕಾರಿನೊಳಗೆ, ಇನ್ನೊಂದು ಕಾಲು ಅಂಗಳದಲ್ಲಿ, ಕಿವಿಯಲ್ಲಿ ಫೋನು. ಆ ಅವಸ್ಥೆಯಲ್ಲಿ ಅವರು ಬ್ರೆಡ್ ಕಾರ್ಖಾನೆಯ ಬಾಗಿಲ ಕಡೆ ಕತ್ತು ತಿರುಗಿಸಿ, "ಕಣಕಣ್ಣಾ, ಇವತ್ತು ಕಲ್ಸೋರು ಒಬ್ರು ಬರ್ತಾರೆ. ನಿಮ್ ಜೊತೇಲೇ ಇರ್ತಾರೆ. ಏನೂ ಮುಚ್ಚಿಡಬೇಡಿ. ನಾನು ಸಂಜೆ ಬರ್ತೀನಿ" ಎಂದು ಕೂಗಿ, ಹೊರಗಿದ್ದ ಕಾಲನ್ನೂ ಒಳಗೆಳೆದುಕೊಂಡು ಹೆಡ್ ಆಫೀಸಿಗೆ ಹೊರಟುಹೋದರು.

ಕಣಕ ಎಂದರೆ ನಾದಿದ ಹಿಟ್ಟು. ಕಣಕಣ್ಣನ ನಿಜವಾದ ಹೆಸರು ಹಾಜರಿ ಹಾಕುವವರನ್ನು ಬಿಟ್ಟು ಇನ್ಯಾರಿಗೂ ನೆನಪಿಲ್ಲ. ಹೆಂಡತಿಯೇ ಒಮ್ಮೊಮ್ಮೆ ತಡವರಿಸುತ್ತಾಳೆ. ಕಾರ್ಖಾನೆ ಶುರುವಾದಾಗಿನಿಂದ ಅಲ್ಲಿ ಹಿಟ್ಟು ಕಲಸಿದವನು ಅವನೊಬ್ಬನೇ. ಒಲೆ ಬದಲಾಯಿತು, ಬ್ರೆಡ್ ಕತ್ತರಿಸುವ ಯಂತ್ರ ಬದಲಾಯಿತು, ಮ್ಯಾನೇಜರುಗಳಂತೂ ನೆಗಡಿಯ ಹಾಗೆ ಬಂದು ಬಂದು ಹೋದರು. ಕಣಕಣ್ಣ ಮಾತ್ರ ಅಲ್ಲಾಡಲಿಲ್ಲ. ಯಾಕೆಂದರೆ ಆ ಬ್ರೆಡ್ಡಿನ ಹಿಟ್ಟನ್ನು ಕಲಸುವ ಗುಟ್ಟು ಅವನೊಬ್ಬನಿಗೇ ಗೊತ್ತಿತ್ತು, ಮತ್ತು ಅದು ಅವನೊಬ್ಬನಿಗೇ ಗೊತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು. ಹಿಟ್ಟಿನ ಕೋಣೆ ಹೊಕ್ಕನೆಂದರೆ ಬಾಗಿಲು ಎಳೆದುಕೊಳ್ಳುತ್ತಿದ್ದ. ಒಳಗಿನಿಂದ ಮೊದಲು ಧಪಧಪ ಸದ್ದು ಬರುತ್ತಿತ್ತು, ಆಮೇಲೆ ಹಿಟ್ಟು ಬರುತ್ತಿತ್ತು. ನಡುವೆ ಏನಾಯಿತೆಂದು ಯಾರಾದರೂ ಕೇಳಿದರೆ, "ಇದೆಲ್ಲ ಹೇಳಿದ್ರೆ ಬರೋದಲ್ಲ, ಕಲಿಯೋಕೆ ಎರಡು ವರ್ಷ ಬೇಕು" ಎಂದು ಬಾಯಿ ಮುಚ್ಚಿಸುತ್ತಿದ್ದ. ಆ ಬಾಗಿಲು ಮುಚ್ಚಿರುವವರೆಗೆ ತನ್ನ ಅನ್ನಕ್ಕೆ ಕಲ್ಲು ಬೀಳುವುದಿಲ್ಲ ಎಂದು ಅವನ ನಂಬಿಕೆ.

ಈಗಿನ ಮ್ಯಾನೇಜರು ಬಂದಾಗಿನಿಂದ ಆ ಬಾಗಿಲಿಗೆ ಸ್ವಲ್ಪ ಕಷ್ಟಕಾಲ. ಅವರಿಗೆ ಕಲಿಕೆಯ ಹುಚ್ಚು. ಕಾರ್ಖಾನೆಯಲ್ಲಿ ಕಲಿಕೆಯ ವಾತಾವರಣ ಬೆಳೆಸಬೇಕೆಂದು ಗೋಡೆ ಗೋಡೆಗೂ ಬೋರ್ಡು ಹಾಕಿಸಿದ್ದರು. ಕೈ ತೊಳೆಯುವಲ್ಲಿ "ಕೈಯೊಂದಿಗೆ ಅಜ್ಞಾನವನ್ನೂ ತೊಳೆಯಿರಿ" ಎಂದಿತ್ತು. ಪಾಯಿಖಾನೆಯ ಬಾಗಿಲ ಒಳಬದಿಯಲ್ಲಿ "ಸುಮ್ಮನೆ ಕೂರಬೇಡಿ, ಯೋಚಿಸಿ" ಎಂದಿತ್ತು. ವಾರಕ್ಕೊಮ್ಮೆ ಊಟದ ಹೊತ್ತಿನಲ್ಲಿ ಯಾರಾದರೊಬ್ಬರು ತಮಗೆ ಗೊತ್ತಿರುವುದನ್ನು ಉಳಿದವರಿಗೆ ಹೇಳಿಕೊಡಬೇಕೆಂದು ಅಪ್ಪಣೆಯಾಗಿತ್ತು. ಒಲೆಯ ಮುಂದಿರುವ ಕೆಂಡ ಎಂಬವನು ಹಿಟ್ಟಿನ ಮೂಟೆಗಳ ಮೇಲೆ ಬೋರಲು ಮಲಗಿ ಈಜು ಕಲಿಸಿದ. ಅವತ್ತಿನಿಂದ ಪ್ಯಾಕಿಂಗಿನ ಹೆಂಗಸರಿಗೆಲ್ಲ ಈಜು ಬರುತ್ತದೆ, ನೀರಿಗೆ ಇಳಿದಿಲ್ಲ ಅಷ್ಟೆ. ಪ್ಯಾಕಿಂಗ್ ಅಕ್ಕ, ಅತ್ತೆಗೆ ಬೈದದ್ದು ಅತ್ತೆಗೇ ಗೊತ್ತಾಗದಂತೆ ಬೈಯುವುದು ಹೇಗೆಂದು ಕಲಿಸಿದಾಗ ಪಕ್ಕದ ಕಾರ್ಖಾನೆಯವರೂ ಬಂದು ಕೂತಿದ್ದರು. ಲೆಕ್ಕದವರು ವ್ಯಾಕರಣ ಕಲಿಸಿದರು. ಅಂದು ಎಲ್ಲರೂ ಕೂತಲ್ಲೇ ನಿದ್ದೆ ಮಾಡುವುದನ್ನು ಕಲಿತರು. ಕಣಕಣ್ಣನ ಸರದಿ ಬಂದಾಗಲೆಲ್ಲ ಅವನಿಗೆ ಹೊಟ್ಟೆನೋವು ಬರುತ್ತಿತ್ತು.

ಇಂಥವನ ಕಿವಿಗೆ "ಕಲ್ಸೋರು ಬರ್ತಾರೆ" ಎಂಬ ಮಾತು ಬಿದ್ದಾಗ ಅವನು ಮೊದಲು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಲೆಕ್ಕಕ್ಕೆ ತೆಗೆದುಕೊಂಡವನು ಕೆಂಡ.

"ಕೇಳಿಸ್ತಾ ಅಣ್ಣಾ?"

"ಏನು?"

"ಕಲ್ಸೋರು ಬರ್ತಾರಂತೆ."

"ಬರಲಿ ಬಿಡು. ಅದಕ್ಕೇನೀಗ?"

"ಅದಕ್ಕೇನಾ? ಕಲ್ಸೋನು ನೀನಿದೀಯಲ್ಲಪ್ಪಾ. ಇನ್ನೊಬ್ರು ಕಲ್ಸೋರು ಯಾಕೆ ಬರ್ತಾರೆ? ಒಂದು ಒರೇಲಿ ಎರಡು ಕತ್ತಿ ಇರ್ತಾವಾ?"

ಕಣಕಣ್ಣನ ಕೈ ನಿಂತಿತು. ಹಿಟ್ಟು ಬೆರಳಿಗೆ ಅಂಟಿಕೊಂಡು ಜೋತುಬಿತ್ತು. ಅಷ್ಟರಲ್ಲಿ ಪ್ಯಾಕಿಂಗ್ ಅಕ್ಕ ಬಂದಳು. ಎಲ್ಲಿ ಹೊಗೆಯಾಡಿದರೂ ಅಲ್ಲಿಗೆ ಬಂದು ಊದುವುದು ಅವಳಿಗೆ ಅಭ್ಯಾಸ.

"ಮೊನ್ನೆ ಮ್ಯಾನೇಜರು ಫೋನಲ್ಲಿ ಯಾರ ಹತ್ರಾನೋ ಹೇಳ್ತಿದ್ರು, 'ವಯಸ್ಸಾಯ್ತು, ಮೊದಲಿನ ಹಾಗೆ ಓಡ್ತಿಲ್ಲ, ಬದಲಾಯಿಸಬೇಕು' ಅಂತ."

"ಯಾರನ್ನ?"

"ಅದು ಕೇಳಿಸಲಿಲ್ಲಪ್ಪ. ಕಾರಿನ ವಿಷಯಾನೂ ಇರಬಹುದು."

ಕಣಕಣ್ಣನಿಗೆ ಅದು ಕಾರಿನ ವಿಷಯ ಎಂದು ಅನ್ನಿಸಲೇ ಇಲ್ಲ. ಈ ಕೆಲಸ ಬಿಟ್ಟರೆ ಅವನಿಗೆ ಬೇರೆ ಏನೂ ಬಾರದು. ಮನೆಯಲ್ಲಿ ಒಂದು ಮೊಳೆ ಹೊಡೆಯಬೇಕಾದರೂ ಹೆಂಡತಿಯೇ ಹೊಡೆಯಬೇಕು. ಅವನು ಹಿಟ್ಟಿನ ಕೈಯಲ್ಲೇ ಅವಳಿಗೆ ಫೋನು ಮಾಡಿದ.

"ನನ್ನ ಕೆಲಸ ಹೋಯ್ತು ಕಣೇ."

"ಮತ್ತೆ ಹುಡುಕಿ, ಅಲ್ಲೇ ಎಲ್ಲೋ ಇಟ್ಟಿರ್ತೀರಿ" ಎಂದಳು ಅವಳು ಅಭ್ಯಾಸಬಲದಿಂದ. ವಿಷಯ ತಿಳಿದ ಮೇಲೆ ಅವಳ ದನಿ ಬದಲಾಯಿತು. "ನೋಡಿ, ಬಂದೋರಿಗೆ ಒಂದು ಚೂರೂ ಹೇಳ್ಕೊಡಬೇಡಿ. ಬಾಯಿಗೆ ಬೀಗ. ಗೊತ್ತಾಯ್ತಾ? ತಾಳಿ, ತಮ್ಮ ಇಲ್ಲೇ ಇದಾನೆ, ಕೊಡ್ತೀನಿ."

ತಮ್ಮ ಎಂದರೆ ಕಣಕಣ್ಣನ ಭಾವಮೈದ. ಅವನು ಈವರೆಗೆ ಸಾಲಾಗಿ ಹಲವು ಕೆಲಸ ಕಳೆದುಕೊಂಡಿದ್ದ. ಹಾಗಾಗಿ ಕೆಲಸ ಉಳಿಸಿಕೊಳ್ಳುವುದು ಹೇಗೆಂದು ಮನೆಮಂದಿಯೆಲ್ಲ ಅವನನ್ನೇ ಕೇಳುತ್ತಿದ್ದರು.

"ಭಾವ, ಹೆದರಬೇಡಿ. ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿ ಅದಲು ಬದಲು ಮಾಡಿಬಿಡಿ. ನೀವು ಸೊಂಟನೋವು ಅಂತ ಮಲಗಿ. ಬಂದೋರು ಕಲ್ಸ್ಕೊಳ್ಲಿ. ಆ ಬ್ರೆಡ್ ಬಾಯಿಗಿಟ್ಟ ಮ್ಯಾನೇಜರು ಓಡಿ ಬಂದು ನಿಮ್ಮ ಕಾಲು ಹಿಡೀಲಿಲ್ಲ ಅಂದ್ರೆ ಕೇಳಿ."

ಕೆಟ್ಟ ಕಾಲಕ್ಕೆ ಕೆಟ್ಟ ಬುದ್ಧಿ ಬೇಗ ರುಚಿಸುತ್ತದೆ. ಕಣಕಣ್ಣ ಎರಡೂ ಡಬ್ಬಿಗಳ ಮುಚ್ಚಳ ಬದಲಾಯಿಸಿದ. ಹಿಂದಿನ ದಿನದ ಹುಳಿಹಿಟ್ಟಿನ ಉಂಡೆಯನ್ನು, ಅಂದರೆ ಹೊಸ ಹಿಟ್ಟಿಗೆ ಜೀವ ಕೊಡುವ ಆ ಒಂದು ಮುಷ್ಟಿಯನ್ನು, ತನ್ನ ಊಟದ ಡಬ್ಬಿಯಲ್ಲಿ ಬಚ್ಚಿಟ್ಟ. ಮೂಟೆಗಳ ಮೇಲೆ ಮಲಗಿ ನರಳುವುದಕ್ಕೆ ಶುರು ಮಾಡಿದ. ಮೊದಮೊದಲು ಚೆನ್ನಾಗಿ ಬರಲಿಲ್ಲ, ಆಮೇಲೆ ತಾನಾಗಿ ಕುದುರಿತು.

ಬಂದವರು ಒಬ್ಬ ಹೆಂಗಸು. ದಪ್ಪ ಕನ್ನಡಕ, ಇಸ್ತ್ರಿ ಮುರಿಯದ ಬಟ್ಟೆ, ಕಂಕುಳಲ್ಲಿ ಮಡಿಸಿದ ಕೊಡೆ, ಹೆಗಲಿಗೊಂದು ಚೀಲ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಬಂದರು.

"ಕಣಕಣ್ಣ ಅಂದ್ರೆ ನೀವೇನಾ ಅಣ್ಣ?"

"ಅಲ್ಲ."

"ಮೈಮೇಲೆಲ್ಲ ಹಿಟ್ಟಿದೆಯಲ್ಲ, ಅದಕ್ಕೇ ಕೇಳಿದೆ."

"ಇದು ಪೌಡರು. ಸೆಖೆ ನೋಡಿ."

"ಓ. ಕಣಕಣ್ಣ ಎಲ್ಲಿ ಸಿಗ್ತಾರೆ?"

"ಒಲೆ ಹತ್ರ ಕೇಳಿ" ಎಂದು ಕಣಕಣ್ಣ ಮಗ್ಗುಲಾದ.

ಒಲೆಯ ಹತ್ತಿರ ಕೆಂಡ, "ಪ್ಯಾಕಿಂಗಲ್ಲಿ ಇರಬಹುದು" ಎಂದ. ಪ್ಯಾಕಿಂಗ್ ಅಕ್ಕ, "ಗೇಟಿನ ಹತ್ರ ಹೋದ ಹಾಗಿತ್ತು" ಎಂದಳು. ಗೇಟಿನವನು, "ಅವರು ಹಿಟ್ಟಿನ ಕೋಣೇಲಿ ಮಲಗಿರ್ತಾರೆ, ಸುಳ್ಳು ಹೇಳ್ತಾರೆ, ಬಿಡಬೇಡಿ" ಎಂದ. ಅವನೊಬ್ಬನಿಗೆ ಯಾರೂ ವಿಷಯ ತಿಳಿಸಿರಲಿಲ್ಲ. ಆ ಹೆಂಗಸು ಇಷ್ಟೆಲ್ಲ ಸುತ್ತಿದರೂ ಮುಖ ಗಂಟು ಹಾಕಲಿಲ್ಲ. ಎಲ್ಲರಿಗೂ ಅಣ್ಣ, ಅಕ್ಕ ಎಂದು ನಗುನಗುತ್ತಾ, ಮತ್ತೆ ಹಿಟ್ಟಿನ ಕೋಣೆಯ ಕಡೆ ನಡೆದರು.

ಇದನ್ನೆಲ್ಲ ಲೆಕ್ಕದವರು ತಮ್ಮ ಕಿಟಕಿಯಿಂದ ನೋಡುತ್ತಿದ್ದರು. ಲೆಕ್ಕದವರು ಮೊದಲು ಕನ್ನಡ ಪಂಡಿತರಾಗಬೇಕೆಂದಿದ್ದವರು, ಆಗಲಿಲ್ಲ. ಆ ಸಿಟ್ಟನ್ನು ಈಗಲೂ ಬೇರೆಯವರ ಮಾತಿನ ಮೇಲೆ ತೀರಿಸಿಕೊಳ್ಳುತ್ತಿದ್ದರು. ಅವರು ಹಿಂದಿನ ಬಾಗಿಲಿನಿಂದ ಬಂದು ಕಣಕಣ್ಣನನ್ನು ಮೂಟೆಯಿಂದ ಎಬ್ಬಿಸಿದರು.

"ಏನ್ರೀ ಇದು ಅವತಾರ? ಅವರನ್ನ ಯಾಕ್ರೀ ಹೀಗೆ ಗೋಳು ಹೊಯ್ಕೋತೀರಿ?"

"ನನ್ನ ಜಾಗಕ್ಕೆ ಬಂದಿದಾರೆ ಸಾರ್. ಕಲ್ಸೋರು."

"ಥೂ, ನಿಮ್ಮ. ಅದು ಕಲಸೋರು ಅಲ್ಲ ಮಂಕೇ, ಕಲಿಸೋರು. ಲ ಅಕ್ಷರಕ್ಕೆ ಗುಡಿಸು ಇದೆ. ಗುಡಿಸಿದ್ರೆ ಪಾಠ, ಗುಡಿಸಿಲ್ಲ ಅಂದ್ರೆ ಹಿಟ್ಟು. ಮ್ಯಾನೇಜರು ಅವಸರದಲ್ಲಿ ಗುಡಿಸು ನುಂಗಿದಾರೆ. ಗುಡಿಸು, ಗುಡಿಸು!"

"ಬೆಳಿಗ್ಗೇನೇ ಗುಡಿಸಿದೀನಲ್ಲ ಸ್ವಾಮಿ, ಇನ್ನೆಷ್ಟು ಸಲ ಗುಡಿಸ್ಲಿ?" ಎಂದು ಕಸ ಗುಡಿಸುವಾಕೆ ಹೊರಗಿನಿಂದ ಗದರಿದಳು.

ಲೆಕ್ಕದವರು ದನಿ ತಗ್ಗಿಸಿದರು. "ಕಲಿಕೆ ಬೆಳೆಸೋಕೆ ಹೆಡ್ ಆಫೀಸಿಂದ ಯಾರನ್ನಾದ್ರೂ ಕಳಿಸಬೇಕು ಅಂತ ಮ್ಯಾನೇಜರು ತಿಂಗಳಿಂದ ಬಡ್ಕೋತಿಲ್ವಾ? ಇವರೇ ಅವರು. ಆ ಕನ್ನಡಕ ನೋಡಿ. ಆ ಕೊಡೆ ನೋಡಿ. ಅಷ್ಟು ಸುತ್ತಾಡಿಸಿದ್ರೂ ಬೈಲಿಲ್ಲ, ಆ ತಾಳ್ಮೆ ನೋಡಿ. ಮೇಷ್ಟ್ರುಗಳಿಗಲ್ದೆ ಇನ್ಯಾರಿಗೆ ಬರುತ್ತೆ ಅದು? ಈಗ ಕೇಳಿ, ಇವರು ಸಂಜೆ ಮ್ಯಾನೇಜರಿಗೆ ಎಲ್ಲ ಹೇಳ್ತಾರೆ. ಯಾರು ಗೊತ್ತಿರೋದನ್ನ ಮುಚ್ಚಿಟ್ಕೋತಾರೋ ಅವರು ಕಲಿಕೆಗೆ ಅಡ್ಡಗಾಲು. ಅಡ್ಡಗಾಲು ಹಾಕೋರನ್ನ ಯಾರಾದ್ರೂ ಇಟ್ಕೋತಾರಾ? ಮ್ಯಾನೇಜರು ಏನಂದ್ರು ಹೋಗೋವಾಗ?"

"ಏನೂ ಮುಚ್ಚಿಡಬೇಡಿ ಅಂದ್ರು."

"ಮತ್ತೆ?"

ಕಣಕಣ್ಣನಿಗೆ ಒಂದೇ ಕ್ಷಣದಲ್ಲಿ ಪ್ರಾಣ ಬಂದು ಪ್ರಾಣ ಹೋಯಿತು. ಬಂದವರು ಅವನ ಜಾಗ ಕಿತ್ತುಕೊಳ್ಳುವವರಲ್ಲ ಎಂದು ಪ್ರಾಣ ಬಂತು. ಆದರೆ ಅವರ ಎದುರಿಗೇ ತಾನು ಸುಳ್ಳು ಹೇಳಿ ಮಗ್ಗುಲಾಗಿ ಮಲಗಿದ್ದೇನಲ್ಲ ಎಂದು ಬಂದ ಪ್ರಾಣ ಮತ್ತೆ ಬಾಗಿಲ ತನಕ ಹೋಯಿತು. ಅವನು ಓಡಿ ಮುಖ ತೊಳೆದ. ಕೆಂಡನಿಂದ ಕುರ್ಚಿ ತರಿಸಿದ, ಪ್ಯಾಕಿಂಗ್ ಅಕ್ಕನಿಂದ ಟೀ ತರಿಸಿದ. ಆ ಹೆಂಗಸು ಬಾಗಿಲಿಗೆ ಬರುವಷ್ಟರಲ್ಲಿ ಕೈ ಜೋಡಿಸಿ ನಿಂತಿದ್ದ.

"ಬನ್ನಿ ಮೇಡಂ, ಕೂತ್ಕೊಳ್ಳಿ. ನಾನೇ ಕಣಕಣ್ಣ."

"ಆಗ ಅಲ್ಲ ಅಂದ್ರಿ?"

"ಆಗ ಸೊಂಟ ಹಿಡ್ಕೊಂಡಿತ್ತು ಮೇಡಂ. ನೋವಲ್ಲಿ ನನಗೆ ನನ್ನ ಹೆಸರೇ ಮರೆತುಹೋಗುತ್ತೆ."

"ಅಯ್ಯೋ ಪಾಪ" ಎಂದರು ಅವರು. ಕುರ್ಚಿಯ ತುದಿಯಲ್ಲಿ ಸಂಕೋಚದಿಂದ ಕೂತರು. ದೊಡ್ಡವರ ಸರಳತೆ ಹೀಗೇ ಇರುತ್ತದೆ ಎಂದುಕೊಂಡ ಕಣಕಣ್ಣ, ಮಾತಿಗೆ ಶುರುವಿಟ್ಟ.

"ಮೇಡಂ ಇದಕ್ಕೆ ಮುಂಚೆ ಎಲ್ಲಿದ್ರಿ?"

"ಒಂದು ದೊಡ್ಡ ಸ್ಕೂಲಲ್ಲಿದ್ದೆ ಅಣ್ಣ. ಬಹಳ ವರ್ಷ ಮಕ್ಕಳಿಗೇ ಕಲ್ಸ್ತಿದ್ದೆ."

ಬಾಗಿಲ ಹೊರಗೆ ನಿಂತಿದ್ದ ಲೆಕ್ಕದವರು, ನಾನು ಹೇಳಲಿಲ್ಲವೇ ಎಂಬಂತೆ ಹುಬ್ಬು ಹಾರಿಸಿದರು.

"ಎಲ್ಲಾ ಮಕ್ಕಳಿಗೂ ನೀವೊಬ್ರೇನಾ?"

"ಇನ್ನೊಬ್ರಿದ್ರು, ಅವರು ಬಿಟ್ಟುಹೋದ್ರು. ಆಮೇಲೆ ನಾನೊಬ್ಬಳೇ. ಬೆಳಿಗ್ಗೆ ಶುರು ಮಾಡಿದ್ರೆ ಸಂಜೆವರೆಗೂ ಕಲ್ಸಿದ್ದೇ ಕಲ್ಸಿದ್ದು. ರಾತ್ರಿ ತೋಳು ಎತ್ತೋಕಾಗ್ತಿರಲಿಲ್ಲ."

ಬೋರ್ಡಿನ ಮೇಲೆ ಬರೆದೂ ಬರೆದೂ ಹಾಗಾಗುತ್ತದೆ ಎಂದು ಕಣಕಣ್ಣ ಮರುಗಿದ. "ಮಕ್ಕಳಿಗೆ ಕಲ್ಸೋದು ಕಷ್ಟ ಅಲ್ವಾ ಮೇಡಂ?"

"ರೂಢಿ ಆದ್ರೆ ಏನಿಲ್ಲ. ಚಿಕ್ಕ ಮಕ್ಕಳಿಗೆ ಮೆತ್ತಗೆ ಕಲ್ಸ್ತಿದ್ದೆ, ದೊಡ್ಡವರಿಗೆ ಸ್ವಲ್ಪ ಗಟ್ಟಿಯಾಗಿ. ಹೆಡ್‌ಮಾಸ್ಟರು ಅಂತಿದ್ರು, ನೀವು ಕಲ್ಸಿದ್ದು ಮಕ್ಕಳಿಗೆ ಚೆನ್ನಾಗಿ ಜೀರ್ಣ ಆಗುತ್ತೆ ಅಂತ."

ಓದಿದವರು ಮಾತಾಡುವ ರೀತಿಯೇ ಬೇರೆ ಎಂದು ಕಣಕಣ್ಣ ತಲೆದೂಗಿದ. ತನ್ನ ಮಗನಿಗೆ ಅವನ ಮೇಷ್ಟ್ರು ಕಲಿಸಿದ್ದು ಒಂದೂ ಜೀರ್ಣವಾಗದೆ ಪ್ರತಿ ಪರೀಕ್ಷೆಯಲ್ಲೂ ಹಾಗೇ ಹೊರಗೆ ಬಂದುಬಿಡುತ್ತಿತ್ತು.

"ಇವತ್ತು ನಮಗೂ ಏನಾದ್ರೂ ಕಲ್ಸಿ ಮೇಡಂ."

"ಅಯ್ಯೋ, ಮೊದಲು ನೀವು ಹೇಳ್ಕೊಡಬೇಕು ಅಣ್ಣ. ನಾನು ನಿಮ್ಮ ಹತ್ರ ಕಲಿಯೋಕೇ ಬಂದಿರೋದು."

ಲೆಕ್ಕದವರು ಕಣಕಣ್ಣನ ಬೆನ್ನಿಗೆ ಬಂದು ಪಿಸುಗುಟ್ಟಿದರು: "ದೊಡ್ಡ ಕಲಿಸೋರು ಹೀಗೇ. ಕಲಿಸೋಕೆ ಬಂದು, ಕಲಿಯೋಕೆ ಬಂದಿದೀನಿ ಅಂತಾರೆ. ಇದು ಪರೀಕ್ಷೆ. ಈಗ ಬಾಯಿ ಮುಚ್ಕೊಂಡ್ರೋ, ಕೆಟ್ರಿ."

ಕಣಕಣ್ಣ ಬಾಯಿ ಬಿಟ್ಟ. ಮೊದಲು ಹೆದರಿಕೆಯಿಂದಲೇ ಬಿಟ್ಟಿದ್ದು. ಆದರೆ ಆ ಹೆಂಗಸು ಕೇಳುವ ರೀತಿ ಹೇಗಿತ್ತೆಂದರೆ, ಕನ್ನಡಕದ ಹಿಂದೆ ಕಣ್ಣು ಅರಳಿಸಿ, ಒಂದೊಂದು ಮಾತಿಗೂ "ಹೌದಾ?" ಎನ್ನುತ್ತಿದ್ದರು. ಕಣಕಣ್ಣನ ಜೀವಮಾನದಲ್ಲಿ ಅವನ ಮಾತಿಗೆ ಯಾರೂ ಹಾಗೆ ಹೌದಾ ಎಂದಿರಲಿಲ್ಲ. ಮನೆಯಲ್ಲಿ ಅವನು ಬಾಯಿ ತೆಗೆದರೆ ಟಿ.ವಿ. ಸದ್ದು ಹೆಚ್ಚಾಗುತ್ತಿತ್ತು. ಇಲ್ಲಿ ಒಬ್ಬ ವಿದ್ಯಾವಂತೆ ತನ್ನೆದುರು ಶಿಷ್ಯೆಯ ಹಾಗೆ ಕೂತಿದ್ದಾಳೆ. ಅವನಿಗೆ ಬಹಳ ಸಂತೋಷವಾಯಿತು, ಆ ಸಂತೋಷವೇ ಅವನ ತಲೆ ತಿರುಗಿಸಿತು.

ಬಾಗಿಲು ಹಾರುಹೊಡೆದ. ಕೆಂಡ, ಪ್ಯಾಕಿಂಗ್ ಅಕ್ಕ, ಕಸ ಗುಡಿಸುವಾಕೆ ಎಲ್ಲರೂ ಒಳಗೆ ಇಣುಕಿದರು. ಕಣಕಣ್ಣ ಊಟದ ಡಬ್ಬಿ ತೆರೆದು ಹುಳಿಹಿಟ್ಟಿನ ಉಂಡೆಯನ್ನು ತೋರಿಸಿದ. "ಇದೇ ನೋಡಿ ಮೇಡಂ ಜೀವ. ನಿನ್ನೆಯದು ಇವತ್ತಿಗೆ, ಇವತ್ತಿನದು ನಾಳೆಗೆ." ಉಪ್ಪನ್ನು ಯಾಕೆ ಮೊದಲೇ ಹಾಕಬಾರದು, ನೀರು ಎಷ್ಟು ಬೆಚ್ಚಗಿರಬೇಕು, ಮೋಡದ ದಿನ ಎಷ್ಟು ಹೊತ್ತು ಮುಚ್ಚಿಡಬೇಕು, ಬಿಸಿಲಿನ ದಿನ ಎಷ್ಟು, ಎಲ್ಲ ಬಿಚ್ಚಿದ. ಕೊನೆಗೆ, ಹೆಂಡತಿಗೂ ಹೇಳದಿದ್ದ ಮಾತನ್ನು ಹೇಳಿದ.

"ಹಿಟ್ಟು ಹದಕ್ಕೆ ಬಂತಾ ಅಂತ ಹೇಗೆ ಗೊತ್ತು ಮಾಡ್ಕೋತೀರಿ ಅಣ್ಣ?"

"ಒಂದು ಕೈಯಲ್ಲಿ ಹಿಟ್ಟು ಹಿಚುಕಿ. ಇನ್ನೊಂದು ಕೈಯಲ್ಲಿ ನಿಮ್ಮ ಕಿವಿಯ ಹಾಲೆ ಹಿಚುಕಿ. ಎರಡೂ ಒಂದೇ ಅನ್ನಿಸಿದ್ರೆ ಹದ ಬಂತು."

ಕೋಣೆಯಲ್ಲಿದ್ದವರೆಲ್ಲ ತಂತಮ್ಮ ಕಿವಿ ಹಿಚುಕಿಕೊಂಡರು. "ಇಷ್ಟೇನಾ? ಇದಕ್ಕಾ ಇಷ್ಟು ವರ್ಷ ಬಾಗಿಲು ಹಾಕಿದ್ದು?" ಎಂದಳು ಪ್ಯಾಕಿಂಗ್ ಅಕ್ಕ.

ಉತ್ಸಾಹದಲ್ಲಿ ಕಣಕಣ್ಣ ತಾನೇ ಒಂದು ತೊಟ್ಟಿ ಹಿಟ್ಟು ಕಲಸಿ ತೋರಿಸಿದ. ಹಾಡು ಹೇಳಿಕೊಂಡು ಸಕ್ಕರೆ ಹಾಕಿದ. ಎಷ್ಟು ಹೊತ್ತಾದರೂ ಹಿಟ್ಟು ಉಬ್ಬಲಿಲ್ಲ. ಮುನಿಸಿಕೊಂಡ ನೆಂಟನ ಹಾಗೆ ಬಿದ್ದಲ್ಲೇ ಬಿದ್ದಿತ್ತು. ಆ ಹೆಂಗಸು ಒಂದು ಚೂರು ಕಿತ್ತು ನಾಲಿಗೆಗಿಟ್ಟು ಕಣ್ಣು ಮುಚ್ಚಿದರು.

"ಅಣ್ಣ, ಇದು ಉಪ್ಪು."

ಮುಚ್ಚಳ ಬದಲಾಯಿಸಿದ್ದು ಆಗ ನೆನಪಾಯಿತು. ಕೆಂಡ ಮುಖ ಆಚೆ ತಿರುಗಿಸಿ ಭುಜ ಕುಣಿಸುತ್ತಿದ್ದ. ಕಲಿಸುವವರ ಎದುರು ಮಾನ ಹೋಗುವ ಹೊತ್ತು. ಕಣಕಣ್ಣ, "ಬೇಕಂತಲೇ ಹಾಕಿದ್ದು ಮೇಡಂ. ತಪ್ಪಾದ್ರೆ ಸರಿ ಮಾಡೋದು ಹೇಗೆ ಅಂತ ತೋರಿಸೋಕೆ" ಎಂದುಬಿಟ್ಟ. ಅಂದ ಮೇಲೆ ತೋರಿಸಲೇಬೇಕಲ್ಲ. ಉಪ್ಪಾದ ಹಿಟ್ಟನ್ನು ಉಂಡೆ ಉಂಡೆ ಮಾಡಿ, ಉಪ್ಪು ಹಾಕದ ಹೊಸ ಹಿಟ್ಟಿಗೆ ಒಂದೊಂದೇ ಸೇರಿಸಿ, ಇಡೀ ತೊಟ್ಟಿಯನ್ನು ಉಳಿಸಿಕೊಳ್ಳುವ ಉಪಾಯವೊಂದಿತ್ತು. ಅದು ಅವನ ಗುಟ್ಟುಗಳಲ್ಲೆಲ್ಲ ಕೊನೆಯದು, ಆಪತ್ಕಾಲಕ್ಕೆಂದು ಇಟ್ಟುಕೊಂಡದ್ದು. ಅದನ್ನೂ ಕೊಟ್ಟ.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಆ ಹೆಂಗಸು ತೋಳು ಮಡಿಸಿ, "ಈಗ ನಾನೊಂದು ಸಲ ನೋಡ್ಲಾ ಅಣ್ಣ?" ಎಂದರು. ಎಂಥ ವಿನಯ ಎಂದುಕೊಂಡ ಕಣಕಣ್ಣ ಜಾಗ ಬಿಟ್ಟುಕೊಟ್ಟ. ಅವರು ಕಲಸಿದರು. ಮೊಣಕೈಯಿಂದ ಒತ್ತಿದರು, ಮಡಿಚಿದರು, ಎತ್ತಿ ಬಡಿದರು, ಕಿವಿ ಹಿಚುಕಿದರು. ಪಾಠ ಹೇಳುವವರ ಕೈಯಲ್ಲಿ ಇಷ್ಟು ಬಲ ಎಲ್ಲಿಂದ ಬಂತು ಎಂದು ಕಣಕಣ್ಣನಿಗೆ ಒಂದು ಗಳಿಗೆ ಆಶ್ಚರ್ಯವಾಯಿತು. ಆಮೇಲೆ, ಎಲ್ಲ ತನ್ನ ಕಲಿಸುವಿಕೆಯ ಪ್ರಭಾವ ಎಂದು ಸಮಾಧಾನ ಮಾಡಿಕೊಂಡ.

ಸಂಜೆ ಮ್ಯಾನೇಜರ ಕಾರು ಬಂದಾಗ ಬ್ರೆಡ್ಡಿನ ಪರಿಮಳ ಗೇಟಿನವರೆಗೂ ಹಬ್ಬಿತ್ತು. ಅವರು ನೆಟ್ಟಗೆ ಹಿಟ್ಟಿನ ಕೋಣೆಗೆ ಬಂದರು. ಮುಖದಲ್ಲಿ ಗೆಲುವು ತುಂಬಿ ತುಳುಕುತ್ತಿತ್ತು.

"ಏನು, ಪರಿಚಯ ಆಯ್ತಾ? ಹೇಗಿದಾರೆ ನಮ್ಮ ಹೊಸ ಕಲ್ಸೋರು?"

"ತುಂಬಾ ದೊಡ್ಡ ಮನುಷ್ಯರು ಸಾರ್" ಎಂದ ಕಣಕಣ್ಣ. ಆಮೇಲೆ, ಯಾಕೋ ಏನೋ, ಒಂದು ಸಣ್ಣ ಅನುಮಾನ ಬಂತು. "ಸಾರ್, ಆ ಮಾತಿಗೆ ಗುಡಿಸು ಇದೆಯಲ್ವಾ?"

"ಗುಡಿಸೋಕೆ ಬೇರೆ ಅವರಿದಾರಲ್ರೀ. ಇವರು ಯಾಕೆ ಗುಡಿಸ್ತಾರೆ? ಇವರು ಹಿಟ್ಟು ಕಲಸೋರು. ಸ್ಕೂಲಿನ ಹಾಸ್ಟೆಲ್ ಅಡಿಗೆಮನೇಲಿ ವರ್ಷಗಟ್ಟಲೆ ಹಿಟ್ಟು ಕಲಸಿದ ಕೈ. ಹುಡುಕಿ ಹುಡುಕಿ ಕರೆಸಿದೀನಿ."

ಕಣಕಣ್ಣ ಹಿಟ್ಟಿನ ತೊಟ್ಟಿಯ ಅಂಚು ಹಿಡಿದುಕೊಂಡ. ಲೆಕ್ಕದವರು ಕೆಮ್ಮುತ್ತಾ ತಮ್ಮ ಕೋಣೆಯ ಕಡೆ ಹಿಂದೆ ಹಿಂದೆ ಸರಿದರು.

"ಯಾಕ್ರೀ ಮುಖ ಹೀಗಾಯ್ತು? ನಾನು ಇವತ್ತೆಲ್ಲ ಹೆಡ್ ಆಫೀಸಲ್ಲಿ ನಿಮಗೋಸ್ಕರವೇ ಜಗಳ ಆಡಿ ಬರ್ತಿದೀನಿ. ಆ ಹಿಟ್ಟು ಕಲಿಯೋಕೆ ಎರಡು ವರ್ಷ ಬೇಕು ಅಂತ ನೀವೇ ತಾನೆ ಹೇಳೋದು? ಅದನ್ನೇ ಅವರಿಗೂ ಹೇಳಿದೆ. ಎರಡು ವರ್ಷ ಈಯಮ್ಮ ಕಲಸ್ಲಿ, ಕಣಕಣ್ಣ ಕುರ್ಚಿ ಹಾಕ್ಕೊಂಡು ಕೂತು ಮೇಸ್ತ್ರಿಕೆ ಮಾಡ್ಲಿ, ಆಮೇಲೆ ಅಲ್ಲೇ ಕಾಯಂ ಮೇಸ್ತ್ರಿ ಮಾಡೋಣ ಅಂತ. ಒಪ್ಪಿಸ್ಕೊಂಡು ಬಂದೆ."

ಕುರ್ಚಿ. ಮೇಸ್ತ್ರಿ. ಕಣಕಣ್ಣನ ಕಣ್ಣು ತುಂಬಿ ಬಂತು. ಅವನು ಕೈ ಮುಗಿಯಲು ಹೊರಟ.

"ಎರಡು ವರ್ಷ ಯಾಕೆ ಸಾರ್?" ಎಂದರು ಆ ಹೆಂಗಸು, ತುಂಬಿದ ಮನಸ್ಸಿನಿಂದ. "ಅಣ್ಣ ದೇವರಂಥವರು. ಒಂದೂ ಮುಚ್ಚಿಡಲಿಲ್ಲ. ಎಲ್ಲಾ ಇವತ್ತೇ ಹೇಳ್ಕೊಟ್ಟರು."

"ಇಲ್ಲ ಸಾರ್, ಇನ್ನೂ ತುಂಬಾ ಇದೆ" ಎಂದ ಕಣಕಣ್ಣ ಗಡಿಬಿಡಿಯಿಂದ.

ಮ್ಯಾನೇಜರು ಬ್ರೆಡ್ಡಿನ ತುಂಡೊಂದನ್ನು ಮುರಿದು ಬಾಯಿಗೆ ಹಾಕಿಕೊಂಡರು. ಅಗಿದರು. ಇನ್ನೊಂದು ಮುರಿದರು. "ಇದು ಯಾರು ಕಲಸಿದ್ದು?"

"ನಾನೇ ಸಾರ್" ಎಂದರು ಆ ಹೆಂಗಸು.

"ಅವರೇ ಸಾರ್" ಎಂದು ಕೆಂಡನೂ ಸೇರಿಸಿದ. ಯಾರೂ ಅವನನ್ನು ಕೇಳಿರಲಿಲ್ಲ.

"ಕಣಕಣ್ಣ ಕಲಸಿದ ಹಾಗೇ ಇದೆಯಲ್ರೀ. ಏನಾದ್ರೂ ಹೆಚ್ಚುಕಡಿಮೆ ಆದ್ರೆ ಸರಿ ಮಾಡೋದು ಗೊತ್ತಾ?"

"ಉಪ್ಪು ಹೆಚ್ಚಾದ್ರೂ ಗೊತ್ತು ಸಾರ್. ಅಣ್ಣ ಅದಕ್ಕೇ ಅಂತ ಒಂದು ತೊಟ್ಟಿ ಹಿಟ್ಟು ಹಾಳು ಮಾಡಿ ತೋರಿಸಿದ್ರು."

ಮ್ಯಾನೇಜರು ಬ್ರೆಡ್ಡನ್ನು ಕೆಳಗಿಟ್ಟು ಕಣಕಣ್ಣನ ಎರಡೂ ಕೈ ಹಿಡಿದುಕೊಂಡರು. ಅಷ್ಟು ದಿನ ಗೋಡೆಗಳ ಮೇಲೆ ಬರೆಸಿದ್ದೆಲ್ಲ ಒಬ್ಬ ಮನುಷ್ಯನಾಗಿ ಎದುರು ನಿಂತ ಹಾಗೆ ಅವರಿಗೆ ಕಂಡಿರಬೇಕು.

"ಕಣಕಣ್ಣಾ, ನಿಮ್ಮನ್ನ ಮೇಸ್ತ್ರಿ ಮಾಡೋಣ ಅಂತಿದ್ದೆ. ನೀವು ಮೇಷ್ಟ್ರಾಗ್ಬಿಟ್ರಿ. ಕಲಿಸೋಕೆ ಇನ್ನೇನೂ ಉಳಿದಿಲ್ಲ ಅಂದ್ಮೇಲೆ ಇಲ್ಲಿ ಮೇಸ್ತ್ರಿ ಯಾಕೆ ಬೇಕು? ಆದ್ರೆ ನಿಮ್ಮಂಥೋರನ್ನ ನಾನು ಬಿಟ್ಟುಕೊಡಲ್ಲ. ನಾಳೆಯಿಂದ ಪ್ಯಾಕಿಂಗಿಗೆ ಬನ್ನಿ. ಹೊಸದೊಂದು ಕಲೀರಿ. ಅಕ್ಕಾ, ಇವರಿಗೆ ನಿಮ್ಮ ಕೆಲಸ ಎಲ್ಲಾ ಹೇಳ್ಕೊಡಿ."

ಪ್ಯಾಕಿಂಗ್ ಅಕ್ಕ ಸೆಟೆದು ನಿಂತಳು. ಬ್ರೆಡ್ಡನ್ನು ಚೀಲಕ್ಕೆ ತುರುಕಿ ಬಾಯಿ ಕಟ್ಟುವುದನ್ನು ಬಿಟ್ಟರೆ ಅವಳ ವಿಭಾಗದಲ್ಲಿ ಬೇರೆ ಕೆಲಸವೇ ಇರಲಿಲ್ಲ. ಅವಳು ಕಣಕಣ್ಣನನ್ನು ನೋಡಿದಳು, ತೊಟ್ಟಿಯ ಮುಂದೆ ನಿಂತ ಹೆಂಗಸನ್ನು ನೋಡಿದಳು, ಮತ್ತೆ ಕಣಕಣ್ಣನನ್ನು ನೋಡಿದಳು.

"ಹೇಳ್ಕೊಡಬಹುದು ಸಾರ್. ಆದ್ರೆ ಅದು ತುಂಬಾ ಸೂಕ್ಷ್ಮ. ಕಲಿಯೋಕೆ ಮೂರು ವರ್ಷ ಆಗುತ್ತೆ" ಎಂದಳು.

ಅವಳು ಅತ್ತ ಹೋದ ಮೇಲೆ ಪ್ಯಾಕಿಂಗ್ ಕೋಣೆಯ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಕೆಂಡ ತನ್ನ ಒಲೆಯ ಸುತ್ತ ಖಾಲಿ ಮೂಟೆಗಳನ್ನು ಪರದೆಯಂತೆ ತೂಗುಹಾಕುತ್ತಿದ್ದ. ಕಿಟಕಿಯೊಳಗೆ ಲೆಕ್ಕದವರು ಎಡಗೈಯನ್ನು ಮರೆ ಹಿಡಿದು ಲೆಕ್ಕ ಬರೆಯುತ್ತಿದ್ದರು. ಗೋಡೆಗಳ ಮೇಲಿನ ಅಷ್ಟೂ ಬೋರ್ಡುಗಳಿಂದ ಆಗದಿದ್ದದ್ದು ಆ ಒಂದು ದಿನದಲ್ಲಿ ಆಗಿತ್ತು. ಕಾರ್ಖಾನೆಯಲ್ಲಿ ಪ್ರತಿಯೊಬ್ಬರೂ ಒಂದೊಂದು ಪಾಠ ಕಲಿತಿದ್ದರು.

ಮನೆಯ ಬಾಗಿಲಲ್ಲಿ ಹೆಂಡತಿ ಕಾಯುತ್ತಿದ್ದಳು. ಅವಳ ಹಿಂದೆ ಭಾವಮೈದ, ಅವನ ಹಿಂದೆ ಮಗ.

"ಏನಾಯ್ತು? ಬಂದಿದ್ರಾ ಅವರು?"

"ಬಂದಿದ್ರು."

"ನೀವೇನು ಮಾಡಿದ್ರಿ?"

ಕಣಕಣ್ಣ ಚಪ್ಪಲಿ ಬಿಡುತ್ತಾ ಹೇಳಿದ. "ಎಲ್ಲಾ ಕಲ್ಸ್ಬಿಟ್ಟೆ ಕಣೇ."

"ಬಂದೋರ ಕೈಗೆ ತೊಟ್ಟಿ ಬಿಡದೆ ಎಲ್ಲಾ ನೀವೇ ಕಲಸಿದ್ರಾ?" ಹೆಂಡತಿ ಎದೆಯ ಮೇಲೆ ಕೈಯಿಟ್ಟುಕೊಂಡು ದೊಡ್ಡದಾಗಿ ಉಸಿರುಬಿಟ್ಟಳು. "ಸದ್ಯ, ಕೆಲಸ ಉಳೀತು."